ಬೆಳಕು ಕಡಮೆಯಾದೆಡೆ ಎಂಥ ಮಸೂರ?

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮನೆಗಳನ್ನು ಹೊಕ್ಕು ನೋಡಿದವರಿಗೆ ಅಲ್ಲಿಯ ಬೆಳಕು ಎಷ್ಟೆಂಬುದು ಗೊತ್ತು. ಒಂದು ಕಿಟಕಿ, ಒಂದು ದೀಪ, ಅದರಡಿಯಲ್ಲಿ ಗಿರ್ರನೆ ತಿರುಗುವ ಲೇತ್, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದ ಕೈ. ಕನಕಪುರದ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ಸೋದರಮಾವ ಅಂಥದೊಂದು ಮನೆಯಲ್ಲಿ ಬಹುಕಾಲ ದುಡಿದವರು. ಯುಗಾದಿಗೆ ಕೆಲಸ ಬಿಡುವವರಿದ್ದರು. ಅಷ್ಟರೊಳಗಾಗಿ ಅವರ ಚಿತ್ರವನ್ನು ತೆಗೆಯಬೇಕೆಂಬುದು ಹುಡುಗನ ಹಂಬಲ.

ಅವನ ಬಳಿ ಇದ್ದುದು ಅಜ್ಜನ ಲೈಕಾ ಮೂರು-ಎ ಕ್ಯಾಮೆರಾ. ಈ ಮಾದರಿ ಹೊರಬಂದುದು 1935ರಲ್ಲಿ. ಅದರ ಮಸೂರಕ್ಕೆ ಬೂಷ್ಟು ಹಿಡಿದು ಕೆಟ್ಟಿತ್ತು. (ಮನೆಯಲ್ಲಿ ರೇಷ್ಮೆ ಸಾಕುತ್ತಾರೆ, ಹುಳುವಿಗೆ ಹಿತವಾದ ತೇವವೇ ಬೂಷ್ಟಿಗೂ ಹಿತ.) ಹಳೆಯ ಸರಕಿನಲ್ಲಿ ಎರಡು ಮಸೂರಗಳು ಅವನಿಗೆ ದೊರೆಯುವಂತಿದ್ದವು. ಸೋವಿಯತ್ ದೇಶದಲ್ಲಿ ತಯಾರಾದ ಜುಪಿಟರ್-3, ಎಫ್/1.5, ಅದೇ ವಂಶದ ಜುಪಿಟರ್-8, ಎಫ್/2. ಮೊದಲನೆಯದರ ಬೆಲೆ ಬಹಳ ಹೆಚ್ಚು. “ಸಾರ್, ಹೇಗಾದರೂ ಹಣ ಹೊಂದಿಸಿ 1.5ನ್ನೇ ಕೊಳ್ಳಲೆ?” ಎಂದು ಕೇಳಿದನು.

ಎರಡೂ ಮಸೂರಗಳ ಮೂಲ ಒಂದೇ. ಕಾಂಟಾಕ್ಸ್ ಕ್ಯಾಮೆರಾಕ್ಕಾಗಿ 1930ರ ದಶಕದ ಮೊದಲಲ್ಲಿ ಲುಡ್ವಿಗ್ ಬರ್ಟೆಲೆ ರೂಪಿಸಿದ ಸೊನ್ನಾರ್ ಮಸೂರವದು. ಗಾಜಿನ ಬಿಲ್ಲೆಗಳನ್ನು ಅಂಟಿಸಿ ಮೂರೇ ಗುಂಪುಗಳಾಗಿ ಮಾಡಿದುದು ಅದರ ವಿಶೇಷ. ಗಾಳಿಗೂ ಗಾಜಿಗೂ ನಡುವಣ ಒಂದೊಂದು ಮೈಯೂ, ಲೇಪವಿಲ್ಲದಿದ್ದರೆ, ಬೆಳಕಿನ ಶೇಕಡಾ 4ಕ್ಕೂ ಮಿಕ್ಕು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಮೂರು ಗುಂಪಿಗೆ ಅಂಥ ಮೈಗಳು ಆರೇ ಆದುದರಿಂದ, ಲೇಪಗಳು ಬಳಕೆಗೆ ಬರುವ ಮುನ್ನ ಇದು ದೊಡ್ಡ ಲಾಭವಾಗಿತ್ತು.

ಮೊದಲು ಬೆಳಕಿನ ಲೆಕ್ಕವನ್ನು ನೋಡೋಣ. ಎಫ್ ಸಂಖ್ಯೆಯೆಂದರೆ ಮಸೂರದ ಸಂಗಮದೂರವನ್ನು ಅದರ ರಂಧ್ರದ ವ್ಯಾಸದಿಂದ ಭಾಗಿಸಿದುದು. ಒಳಬರುವ ಬೆಳಕು ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ, 2ನ್ನು 1.5ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.8 ಬರುತ್ತದೆ. ಎರಡು ಪಟ್ಟು ಸಹ ಇಲ್ಲ! ಆ ಮನೆಯಲ್ಲಿ 100 ಲಕ್ಸ್ ಬೆಳಕಿದೆಯೆಂದೂ ಫಿಲ್ಮಿನ ವೇಗ 400 ಎಂದೂ ಇಟ್ಟುಕೊಳ್ಳಿ. ಎಫ್/2ರಲ್ಲಿ ಸೆಕೆಂಡಿನ ನಲವತ್ತನೆಯ ಒಂದು ಭಾಗ ಬೇಕು, ಎಫ್/1.5ರಲ್ಲಿ ಎಪ್ಪತ್ತನೆಯ ಒಂದು ಭಾಗ ಸಾಕು. ಒಂದು ಮೀಟರ್ ದೂರದಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಸರಿಯುವ ಕೈ ಈ ಎರಡರಲ್ಲಿಯೂ ಮಸುಕಾಗಿಯೇ ಬೀಳುತ್ತದೆ. ಕೈ ನಿಂತ ಗಳಿಗೆಯನ್ನು ಕಾಯಲೇಬೇಕೆಂದ ಮೇಲೆ ಹೆಚ್ಚಿನ ಹಣಕ್ಕೆ ಬಂದ ಫಲವೇನು?

ನಿಜವಾದ ತೊಡಕು ಬೆಳಕಿನಲ್ಲಿಲ್ಲ, ದೂರವನ್ನು ಗೊತ್ತುಮಾಡುವುದರಲ್ಲಿದೆ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಮಸೂರದ ಮೂಲಕ ನೋಡುವುದಿಲ್ಲ. ಪಕ್ಕಪಕ್ಕದ ಎರಡು ಕಿಂಡಿಗಳಿಂದ ಬಂದ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸುತ್ತೇವೆ. ಮಸೂರವು ಮುಂದೆ ಹಿಂದೆ ಸರಿದಂತೆ ಅದರ ಹಿಂಬದಿಯ ಅಂಚು ಒಂದು ಸನ್ನೆಯನ್ನು ತಳ್ಳುತ್ತದೆ. ಬಿಂಬಗಳನ್ನು ಸರಿಸುವುದು ಆ ಸನ್ನೆ. ಮಸೂರವೂ ಕ್ಯಾಮೆರಾವೂ ಒಂದೇ ಅಳತೆಯನ್ನು ನಂಬಿದ್ದರೆ ಸರಿ. ನಂಬದಿದ್ದರೆ ಕಣ್ಣಿಗೆ ತಪ್ಪು ಕಾಣುವುದೇ ಇಲ್ಲ. ಫಿಲ್ಮ್ ತೊಳೆದ ಮೇಲೆಯೇ ತಿಳಿಯುವುದು.

ಈಗ ಗಮನಿಸಿ. ಎರಡರ ಮೇಲೂ 50 ಮಿಲಿಮೀಟರ್ ಎಂದು ಬರೆದಿರುತ್ತಾರಾದರೂ, ಲೈಕಾದ ಸನ್ನೆ ಎಣಿಸುವುದು 51.6 ಮಿಲಿಮೀಟರ್ ಸಂಗಮದೂರವನ್ನು. ಸೊನ್ನಾರ್ ವಂಶದ್ದು ಸುಮಾರು 52.4. ಒಂದು ಮೀಟರ್ ದೂರದ ವಸ್ತುವಿಗೆ ಮಸೂರವು ಮುಂದೆ ಸರಿಯಬೇಕಾದ ದೂರವನ್ನು ಲೆಕ್ಕಹಾಕಿದರೆ ಕ್ರಮವಾಗಿ 2.81 ಮತ್ತು 2.90 ಮಿಲಿಮೀಟರ್ ಬರುತ್ತದೆ. ವ್ಯತ್ಯಾಸ 0.09. ಇದು ಹೆಚ್ಚೆ? ಬಿಂಬದ ಚುಕ್ಕೆ 0.03 ಮಿಲಿಮೀಟರಿಗಿಂತ ಹಿಗ್ಗಬಾರದೆಂದರೆ, ಎಫ್/1.5ರಲ್ಲಿ ಸಹಿಸಬಹುದಾದ ತಪ್ಪು 0.045, ಎಫ್/2ರಲ್ಲಿ 0.06, ಎಫ್/4ರಲ್ಲಿ 0.12. ಎಂದರೆ ವೇಗದ ಮಸೂರದಲ್ಲಿ ತಪ್ಪು ಮಿತಿಯ ಎರಡು ಪಟ್ಟು! ದೂರ ಹೆಚ್ಚಿದಂತೆ ವ್ಯತ್ಯಾಸ ಇಳಿಯುತ್ತದೆ: ಎಫ್/2ಕ್ಕೆ ಒಂದೂವರೆ ಮೀಟರ್ ಆಚೆ, ಎಫ್/1.5ಕ್ಕೆ ಸುಮಾರು ಎರಡು ಮೀಟರ್ ಆಚೆ, ಭಯವಿಲ್ಲ. ಸಾವನದುರ್ಗದ ಬಂಡೆಯನ್ನು ಮಾಗಡಿಯ ಬಯಲಿನಿಂದ ತೆಗೆಯುವವನಿಗೆ ಈ ಚಿಂತೆಯೇ ಇಲ್ಲ. ಆದರೆ ಅವನಿಗೆ ವೇಗದ ಮಸೂರವೂ ಬೇಡ. ಅದು ಬೇಕಾಗುವುದು ಹತ್ತಿರದ, ಮಬ್ಬಿನ ವಸ್ತುವಿಗೆ. ಅದು ಎಡವುವುದೂ ಅಲ್ಲಿಯೇ.

ಜುಪಿಟರ್-3ರ ಒಳಗಿನ ತಗಡಿನ ಬಳೆಯನ್ನು ಬದಲಿಸಿ ಇದನ್ನು ಹೊಂದಿಸುವ ಕುಶಲಿಗಳಿದ್ದಾರೆ. ಝೋರ್ಕಿ ಅಥವಾ ಫೆಡ್ ಕ್ಯಾಮೆರಾ ಉಳ್ಳವರಿಗೆ ಈ ಜಗಳವಿಲ್ಲ, ಅವು ಈ ಮಸೂರಗಳಿಗೆ ಒಗ್ಗಿದವೇ. ಯಾವುದನ್ನು ಕೊಂಡರೂ ಮಸೂರದ ಹಿಂದಿನಿಂದ ಟಾರ್ಚಿನ ಬೆಳಕು ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಹಾಲಿನಂಥ ಮಬ್ಬು ಕಂಡರೆ ಕಪ್ಪು ಬಿಳುಪುಗಳ ಅಂತರ ಸತ್ತುಹೋಗುತ್ತದೆ. ಹೊರಗಿನ ಸಣ್ಣ ಗೀರಿಗೆ ಅಷ್ಟಾಗಿ ಅಂಜಬೇಕಿಲ್ಲ.

ನಾನು ಎಫ್/2ನ್ನೇ ಕೊಳ್ಳಹೇಳಿದೆನು. ಉಳಿದ ಹಣಕ್ಕೆ ಫಿಲ್ಮ್ ಬಂದಿತು. ಚಿತ್ರ ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಐದು ಚನ್ನಪಟ್ಟಣದ ಬೊಂಬೆಗಳನ್ನು ಓರೆಯಾಗಿ, ಒಂದಕ್ಕಿಂತ ಒಂದು ಮೂರು ಸೆಂಟಿಮೀಟರ್ ಹಿಂದೆ ಬರುವಂತೆ ನಿಲ್ಲಿಸಿ, ಒಂದು ಮೀಟರ್ ದೂರದ ನಡುವಣ ಬೊಂಬೆಯ ಮೇಲೆ ಬಿಂಬಗಳನ್ನು ಕೂಡಿಸಿ, ರಂಧ್ರವನ್ನು ಪೂರ್ತಿ ತೆರೆದು ತೆಗೆದೆವು. ಫಿಲ್ಮ್ ತೊಳೆದಾಗ ನಡುವಣ ರಾಜನಿಗಿಂತ ಅವನ ಹಿಂದೆ ನಿಂತ ರಾಣಿಯೇ ಸ್ಫುಟವಾಗಿದ್ದಳು. ಲೆಕ್ಕ ಹೇಳಿದ ಮೂರು ಸೆಂಟಿಮೀಟರೇ ಸರಿ.

ಅಂದಿನಿಂದ ಹುಡುಗನು, ತೀರ ಹತ್ತಿರದ ಚಿತ್ರವಾದರೆ, ಬಿಂಬಗಳನ್ನು ಕೂಡಿಸಿದ ಮೇಲೆ ಎರಡು ಬೆರಳಿನಷ್ಟು ಹಿಂದಕ್ಕೆ ವಾಲಿ ಗುಂಡಿ ಒತ್ತುತ್ತಾನೆ. ಮಾವನ ಕೈಯ ಚಿತ್ರ ಹಾಗೆ ತೆಗೆದುದೇ. ಹೆಬ್ಬೆರಳಿನ ಉಗುರಿಗೆ ಹತ್ತಿದ ಕೆಂಪು ಅರಗು ಕಪ್ಪು-ಬಿಳುಪಿನಲ್ಲಿಯೂ ಎದ್ದು ಕಾಣುತ್ತದೆ.