ಬೆಳೆದ ಮಗುವಿನ ಹಳೆಯ ಸೈಕಲ್ಲು: ಬೆಲೆ ಕಟ್ಟುವ ಲೆಕ್ಕ, ಮಾರುವ ಕ್ರಮ

ಮನೆಯಲ್ಲಿ ಮಗುವೊಂದು ಬೆಳೆಯುತ್ತಿದ್ದಂತೆ, ಅದರೊಡನೆ ಬೆಳೆಯಲಾರದ ಹಲವು ವಸ್ತುಗಳು ಮೂಲೆ ಸೇರುತ್ತವೆ. ಅಂಗಿ ಚಪ್ಪಲಿಗಳು ತಮ್ಮನಿಗೋ ನೆಂಟರ ಮಕ್ಕಳಿಗೋ ಸಲ್ಲುತ್ತವೆ. ಪಠ್ಯಪುಸ್ತಕಗಳು ಮುಂದಿನ ವರ್ಷದ ವಿದ್ಯಾರ್ಥಿಯ ಕೈ ಸೇರುತ್ತವೆ. ಸೈಕಲ್ಲಿನ ಪ್ರಶ್ನೆ ಬಂದಾಗ ಮಾತ್ರ ಹಿರಿಯರು ತಡವರಿಸುತ್ತಾರೆ. ಸುಮ್ಮನೆ ಕೊಡಲು ಮನಸ್ಸೊಪ್ಪದು; ಮಾರೋಣವೆಂದರೆ ಎಷ್ಟಕ್ಕೆಂಬುದು ತಿಳಿಯದು. ಈ ಸಣ್ಣ ವ್ಯವಹಾರದಲ್ಲಿ ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವ ಗಣಿತ, ಅರ್ಥಶಾಸ್ತ್ರ, ಪೌರನೀತಿ ಮೂರೂ ಅಡಗಿವೆ. ಆದುದರಿಂದ ಇದನ್ನೊಂದು ಪಾಠವಾಗಿಯೇ ಇಲ್ಲಿ ವಿವೇಚಿಸಲಾಗಿದೆ.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ನನ್ನ ಮಗನ ಸೈಕಲ್ಲು ಅವನಿಗೆ ಚಿಕ್ಕದಾಯಿತು. ನಮ್ಮ ಬೀದಿಯವರೇ ಆದ ಒಬ್ಬ ತಂದೆ ತಮ್ಮ ಮಗಳಿಗಾಗಿ 1,800 ರೂಪಾಯಿ ಕೊಡಲು ಸಿದ್ಧರಾಗಿ ಬಂದರು. ಕೊಂಡಾಗ ಕೊಟ್ಟ ಹಣವನ್ನೂ, ಮಗ ಅದರ ಮೇಲೆ ಮೊದಲ ಸಲ ತೂಗಾಡುತ್ತ ಸಾಗಿದ ಸಂಜೆಯನ್ನೂ ನೆನೆದು ನಾನು 2,500ಕ್ಕೆ ಕಡಿಮೆಯಿಲ್ಲವೆಂದೆ. ಅವರು ನಮಸ್ಕರಿಸಿ ಹೊರಟುಹೋದರು. ಸೈಕಲ್ಲು ಎರಡು ಮಳೆಗಾಲ ಹಿತ್ತಿಲಿನಲ್ಲಿ ನಿಂತಿತು. ಸರಪಳಿ ತುಕ್ಕು ಹಿಡಿಯಿತು, ಬಿಸಿಲಿಗೆ ಟೈರುಗಳು ಬಿರಿದವು. ಕೊನೆಗೆ ಗುಜರಿಯವನು 300 ರೂಪಾಯಿ ಕೊಟ್ಟು ಒಯ್ದನು. ನನಗಾದ ನಷ್ಟ 1,500 ರೂಪಾಯಿ. ಆ ಎರಡು ವರ್ಷವೂ ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ಶಾಲೆಗೆ ನಡೆದುಹೋಗುತ್ತಿದ್ದ ಬಾಲಕಿಯ ನಷ್ಟವನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯುವುದು? ಹಳೆಯ ವಸ್ತುವಿನ ಬೆಲೆಯೆಂದರೆ ಅದರಲ್ಲಿ ಇನ್ನೂ ಉಳಿದಿರುವ ಉಪಯೋಗದ ಬೆಲೆ ಎಂಬ ಪಾಠವನ್ನು ನಾನು ಹೀಗೆ ಕಲಿತೆನು.

1. ಸೈಕಲ್ಲು ಚಿಕ್ಕದಾಯಿತೆಂದು ತಿಳಿಯುವುದು ಹೇಗೆ?

ಮಕ್ಕಳ ಸೈಕಲ್ಲುಗಳನ್ನು ಚಕ್ರದ ವ್ಯಾಸದಿಂದ ಗುರುತಿಸುತ್ತಾರೆ: 12, 14, 16, 20, 24 ಇಂಚು. ತುಳಿಯುವಾಗ ಮೊಣಕಾಲು ಹಿಡಿಕೆಗೆ ತಾಗತೊಡಗಿದರೆ ಅದು ಮೊದಲ ಸೂಚನೆ. ಎರಡನೆಯದು ಇನ್ನೂ ಖಚಿತವಾದುದು. ಆಸನದ ಕೊಳವೆಯ ಮೇಲೆ ಇದಕ್ಕಿಂತ ಮೇಲೆ ಎತ್ತಬಾರದೆಂದು ಸೂಚಿಸುವ ಗೆರೆಯೊಂದಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎತ್ತಿದರೆ ಮಾತ್ರ ಕಾಲು ಚಾಚಲು ಸಾಧ್ಯವೆಂದಾದರೆ ಆ ಸೈಕಲ್ಲಿನ ಕಾಲ ಮುಗಿಯಿತು. ಈ ಸೂಚನೆ ಕಂಡ ತಿಂಗಳಲ್ಲೇ ಮಾರುವುದು ಲೇಸು, ಏಕೆಂದರೆ ಓಡಿಸಿದ ಸೈಕಲ್ಲಿಗಿಂತ ನಿಲ್ಲಿಸಿಟ್ಟ ಸೈಕಲ್ಲು ಬೇಗ ಕೆಡುತ್ತದೆ.

2. ಪರೀಕ್ಷೆ

ಬೆಲೆ ಕಟ್ಟುವ ಮೊದಲು ಸೈಕಲ್ಲನ್ನು ತೊಳೆದು ಒರೆಸಿ, ಬೆಳಕಿನಲ್ಲಿ ನಿಲ್ಲಿಸಿ ನೋಡಬೇಕು. ಮುಂದಿನ ಕವಲು ಮತ್ತು ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕಿದೆಯೇ ಎಂಬುದೇ ಮುಖ್ಯ ಪರೀಕ್ಷೆ. ಬಿರುಕಿದ್ದರೆ ಅದನ್ನು ಬಣ್ಣದಿಂದ ಮುಚ್ಚಿ ಮಾರುವುದು ಒಂದು ಮಗುವಿನ ಹಲ್ಲು, ಮೂಳೆಗಳನ್ನು ಪಣಕ್ಕಿಟ್ಟಂತೆ. ಅಂಥ ಸೈಕಲ್ಲು ಗುಜರಿಗೆ ಮಾತ್ರ ಯೋಗ್ಯ. ಬಳಿಕ ಬ್ರೇಕು: ಹಿಡಿಯನ್ನು ಒತ್ತಿಹಿಡಿದು ಸೈಕಲ್ಲನ್ನು ತಳ್ಳಿದಾಗ ಚಕ್ರ ಉರುಳಬಾರದು. ಸರಪಳಿಯ ಸವೆತವನ್ನು ಅಳತೆಪಟ್ಟಿಯಿಂದಲೇ ತಿಳಿಯಬಹುದು. ಸರಪಳಿಯ ಒಂದು ಮೊಳೆಯಿಂದ ಮುಂದಿನ ಮೊಳೆಗೆ ಅರ್ಧ ಇಂಚು. ಆದುದರಿಂದ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು ಇರಬೇಕು. ಅದು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಹಿಗ್ಗಿದ್ದರೆ ಸರಪಳಿಯನ್ನು ಬದಲಿಸಬೇಕು. ಎಂಟನೆಯ ಒಂದು ಭಾಗದಷ್ಟಾಗಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಟೈರಿನ ಬದಿಯಲ್ಲಿ 47-406 ಎಂಬಂತಹ ಅಂಕಿಗಳಿರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಹೊಸ ಟೈರು ಕೊಳ್ಳುವಾಗ ಈ ಅಂಕಿಗಳು ಬೇಕಾಗುವುದರಿಂದ ಗುರುತು ಹಾಕಿಕೊಳ್ಳಬೇಕು.

3. ಬೆಲೆಯ ಲೆಕ್ಕ

ಬಹುಮಂದಿ ತಾವು ಕೊಟ್ಟ ಹಣದಿಂದ ಲೆಕ್ಕ ಆರಂಭಿಸುತ್ತಾರೆ. ಕೊಳ್ಳುವವನಾದರೋ ಇಂದು ಅಂಗಡಿಯಲ್ಲಿ ಹೊಸದಕ್ಕೆ ಎಷ್ಟೆಂದು ಕೇಳಿ ಬಂದಿರುತ್ತಾನೆ. ಇಬ್ಬರ ಲೆಕ್ಕವೂ ಒಂದೇ ಆಗಬೇಕಾದರೆ ಇಂದಿನ ಹೊಸ ಬೆಲೆಯಿಂದಲೇ ಹೊರಡಬೇಕು. ತೆರಿಗೆಗೆ ಮುನ್ನ 5,000 ರೂಪಾಯಿ ಬೆಲೆಯ ಸೈಕಲ್ಲನ್ನು 2022ರಲ್ಲಿ ಕೊಂಡೆವೆನ್ನೋಣ. ಆಗ ಸರಕು ಮತ್ತು ಸೇವಾ ತೆರಿಗೆ ಶೇಕಡ 12 ಇದ್ದುದರಿಂದ 5,600 ರೂಪಾಯಿ ತೆತ್ತಿರುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲುಗಳ ಮೇಲಿನ ಈ ತೆರಿಗೆ ಶೇಕಡ 5ಕ್ಕೆ ಇಳಿಯಿತು. ಮೂಲಬೆಲೆ ಬದಲಾಗದಿದ್ದರೆ ಅದೇ ಸೈಕಲ್ಲು ಈಗ 5,250 ರೂಪಾಯಿಗೆ ದೊರೆಯುತ್ತದೆ. ನಾವು ಹೆಚ್ಚಾಗಿ ತೆತ್ತ 350 ರೂಪಾಯಿಯನ್ನು ಕೊಳ್ಳುವವನಿಂದ ಕೇಳುವುದು ನ್ಯಾಯವಲ್ಲ.

ಮೂರು ವರ್ಷದ ಬಳಕೆಗೆ ಸವಕಳಿಯನ್ನು ಎರಡು ಬಗೆಯಲ್ಲಿ ಕಳೆಯಬಹುದು. ಮೊದಲನೆಯದು ಸಮಾನ ಕಂತಿನ ಕ್ರಮ. ಸೈಕಲ್ಲಿನ ಆಯುಷ್ಯ 7 ವರ್ಷ, ಕೊನೆಗೆ ಗುಜರಿ ಬೆಲೆ 350 ರೂಪಾಯಿ ಎಂದು ಇಟ್ಟುಕೊಂಡರೆ ಉಳಿದ 4,900ನ್ನು 7ರಿಂದ ಭಾಗಿಸಿದಾಗ ವರ್ಷಕ್ಕೆ 700 ರೂಪಾಯಿ. ಮೂರು ವರ್ಷಕ್ಕೆ 2,100 ಕಳೆದರೆ 3,150 ರೂಪಾಯಿ ಉಳಿಯುತ್ತದೆ. ಎರಡನೆಯದು ಇಳಿಮುಖ ಶೇಷದ ಕ್ರಮ. ಪ್ರತಿವರ್ಷ ಉಳಿದ ಬೆಲೆಯ ಶೇಕಡ 25ರಷ್ಟನ್ನು ಕಳೆಯುತ್ತ ಬಂದರೆ ಮೂರನೆಯ ವರ್ಷದ ಕೊನೆಗೆ ಸುಮಾರು 2,215 ರೂಪಾಯಿ ಉಳಿಯುತ್ತದೆ. ಈಗ ದುರಸ್ತಿಯ ವೆಚ್ಚ: ಹಿಂದಿನ ಟೈರು ಮತ್ತು ಟ್ಯೂಬಿಗೆ 450, ಸರಪಳಿಗೆ 170, ಬ್ರೇಕಿನ ರಬ್ಬರಿಗೆ 80, ಒಟ್ಟು 700 ಎಂದಿಟ್ಟುಕೊಳ್ಳೋಣ. ಇದನ್ನು ಎರಡು ಮೊತ್ತಗಳಿಂದಲೂ ಕಳೆದರೆ 2,450 ಮತ್ತು 1,515 ಬರುತ್ತದೆ. ನ್ಯಾಯವಾದ ಬೆಲೆ ಈ ಎರಡರ ನಡುವೆ, 2,000ದ ಆಸುಪಾಸಿನಲ್ಲಿದೆ. 2,200 ಎಂದು ಹೇಳಿ, 1,800ಕ್ಕೆ ಕಡಿಮೆ ಕೊಡುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡರೆ ಚೌಕಾಸಿಗೂ ಎಡೆಯುಂಟು, ಮರ್ಯಾದೆಗೂ ಕುಂದಿಲ್ಲ.

4. ಮಮತೆಯ ತೂಕ, ಅನುಮಾನದ ತೂಕ

ಲೆಕ್ಕ ಹೀಗಿದ್ದರೂ ಮಾರುವವನ ಬಾಯಲ್ಲಿ ಹೆಚ್ಚು, ಕೊಳ್ಳುವವನ ಬಾಯಲ್ಲಿ ಕಡಿಮೆ ಬರುವುದೇಕೆ? ಇದನ್ನು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬುವರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿಯ ಲೋಟಗಳನ್ನು ಕೊಟ್ಟು, ಅವನ್ನು ಇತರರಿಗೆ ಮಾರಲು ಅವಕಾಶ ಕಲ್ಪಿಸಿದರು. ಕೆಲವೇ ನಿಮಿಷಗಳ ಹಿಂದೆ ತಮ್ಮದಾದ ಲೋಟಕ್ಕೆ ಮಾರುವವರು ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ ಬೆಲೆಯ ಸುಮಾರು ಇಮ್ಮಡಿ ಇತ್ತು. ನಿಮಿಷಗಳ ಒಡೆತನಕ್ಕೇ ಇಷ್ಟಾದರೆ ಮೂರು ವರ್ಷ ಮಗು ಏರಿ ತಿರುಗಿದ ಸೈಕಲ್ಲಿನ ಮಾತೇನು! ಮಮತೆ ದೋಷವಲ್ಲ, ಆದರೆ ಅದರ ಬೆಲೆಯನ್ನು ಮತ್ತೊಬ್ಬರ ಜೇಬಿನಿಂದ ವಸೂಲು ಮಾಡಲಾಗದು.

ಕೊಳ್ಳುವವನ ಅಂಜಿಕೆಗೂ ಕಾರಣವಿದೆ. ಅಮೆರಿಕದ ಜಾರ್ಜ್ ಅಕರ್‌ಲಾಫ್ 1970ರ ತಮ್ಮ ಲೇಖನವೊಂದರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ಇದನ್ನು ವಿಶದಪಡಿಸಿದರು. ದೋಷಗಳು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸರಾಸರಿ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ವಸ್ತುವಿನ ಒಡೆಯ ಬೇಸತ್ತು ಪೇಟೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಕೆಟ್ಟ ವಸ್ತುಗಳೇ ಉಳಿಯುತ್ತವೆ. ಈ ವಿಚಾರಧಾರೆಗಾಗಿ ಅವರು 2001ರಲ್ಲಿ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಪಡೆದರು. ನಮ್ಮ ಬೀದಿಯ ವ್ಯವಹಾರದಲ್ಲಿ ಇದಕ್ಕೆ ಮದ್ದು ಸುಲಭ. ಕೇಳುವ ಮೊದಲೇ ದೋಷವನ್ನು ಹೇಳಿಬಿಡುವುದು. “ಸರಪಳಿ ಹಿಗ್ಗಿದೆ, ಬದಲಿಸಬೇಕು, ಅದರ ಹಣವನ್ನು ಬೆಲೆಯಲ್ಲಿ ಕಳೆದಿದ್ದೇನೆ” ಎಂದವನ ಉಳಿದ ಮಾತುಗಳನ್ನೂ ಕೊಳ್ಳುವವನು ನಂಬುತ್ತಾನೆ.

5. ಮಾರಾಟದ ದಿನ

ಸೈಕಲ್ಲು ಮಗುವಿನದು, ಮಾರುವ ಮುನ್ನ ಅದರ ಒಪ್ಪಿಗೆ ಪಡೆಯಬೇಕು. ಆದರೆ 1872ರ ಭಾರತೀಯ ಕರಾರು ಅಧಿನಿಯಮದಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲವಾದ್ದರಿಂದ ವ್ಯವಹಾರವನ್ನು ಹಿರಿಯರೇ ನಡೆಸಬೇಕು. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ ವಸ್ತುವನ್ನು ಮಾರುವ ಹಕ್ಕು ತನಗಿದೆಯೆಂಬ ಭರವಸೆ ಮಾರುವವನಿಂದ ತಾನಾಗಿಯೇ ಸಂದಂತೆ. ಗುಣಮಟ್ಟದ ವಿಷಯದಲ್ಲಾದರೋ ವ್ಯಾಪಾರಿಯಲ್ಲದ ಗೃಹಸ್ಥನಿಂದ ಕೊಳ್ಳುವವನು ಸಾಮಾನ್ಯವಾಗಿ ತಾನೇ ಪರೀಕ್ಷಿಸಿ ಕೊಳ್ಳಬೇಕು. ಕಾಯಿದೆ ನಮಗೆ ಕೊಟ್ಟ ಈ ರಿಯಾಯಿತಿಯ ಹಿಂದೆ ಅಡಗಿಕೊಳ್ಳದಿರುವುದೇ ಸಜ್ಜನಿಕೆ.

ಕೊಳ್ಳುವವರ ಮಗುವನ್ನೂ ಕರೆಸಬೇಕು. ಆಸನದ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲ ಮುಟ್ಟಿದರೆ ಅಳತೆ ಸರಿ. ಮುಟ್ಟದಿದ್ದರೆ, ಎಷ್ಟೇ ಹಣ ಕೊಡುವೆನೆಂದರೂ, ಇನ್ನೊಂದು ವರ್ಷ ತಾಳಿರೆಂದು ಹೇಳುವುದು ಧರ್ಮ. ಹಣ ಸಂದ ಬಳಿಕ ದಿನಾಂಕ, ಮೊತ್ತ ಹಾಗೂ ಚೌಕಟ್ಟಿನ ಮೇಲೆ ಒತ್ತಿರುವ ಸಂಖ್ಯೆಯನ್ನು ಬರೆದು ರಸೀತಿ ಕೊಡಬೇಕು. ನಾಳೆ ಯಾರಾದರೂ ಸೈಕಲ್ಲು ಎಲ್ಲಿಯದೆಂದು ಕೇಳಿದರೆ ಆ ಮಗು ತಲೆ ತಗ್ಗಿಸಬೇಕಾಗಬಾರದು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಮೂಲೆಯಲ್ಲಿ ನಿಂತಿರುವ ಸೈಕಲ್ಲನ್ನು ಇಂದೇ ಒಮ್ಮೆ ನೋಡಿರಿ. ಅದರಲ್ಲಿ ಉಳಿದಿರುವ ವರ್ಷಗಳು ನಿಮ್ಮವಲ್ಲ. ನಿಮಗಿಂತ ಒಂದು ಗೇಣು ಕುಳ್ಳಗಿರುವ ಯಾವುದೋ ಮಗುವಿನವು. ಅವು ತುಕ್ಕಿಗೆ ಸಲ್ಲುವ ಮೊದಲೇ ಆ ಮಗುವಿಗೆ ಸಲ್ಲಲಿ.

ಅಭ್ಯಾಸ

1. ಇಂದಿನ ಹೊಸ ಬೆಲೆ 4,200 ರೂಪಾಯಿ, ಆಯುಷ್ಯ 5 ವರ್ಷ, ಗುಜರಿ ಬೆಲೆ 200 ರೂಪಾಯಿ ಇರುವ ಸೈಕಲ್ಲನ್ನು 2 ವರ್ಷ ಬಳಸಲಾಗಿದೆ. ಸಮಾನ ಕಂತಿನ ಕ್ರಮದಲ್ಲೂ, ಶೇಕಡ 25ರ ಇಳಿಮುಖ ಶೇಷದ ಕ್ರಮದಲ್ಲೂ ಉಳಿದ ಬೆಲೆಯನ್ನು ಕಂಡುಹಿಡಿಯಿರಿ. (ಉತ್ತರ: 2,600 ರೂಪಾಯಿ, 2,362 ರೂಪಾಯಿ 50 ಪೈಸೆ.)

2. ನಿಮ್ಮ ಸೈಕಲ್ಲಿನ ಸರಪಳಿಯ 24 ಕೊಂಡಿಗಳನ್ನು ಅಳೆದು, ಅದು ಎಷ್ಟು ಹಿಗ್ಗಿದೆಯೆಂದು ಬರೆಯಿರಿ.

3. ಮಾರುವವನು ದೋಷವನ್ನು ತಾನಾಗಿ ಹೇಳಿದರೆ ಅವನಿಗೆ ಲಾಭವೋ ನಷ್ಟವೋ? ಕಾರಣ ಕೊಟ್ಟು ವಿವರಿಸಿರಿ.