ಗುಂಪಿಗೆ ಬಂದ ಮನೆಮದ್ದು: ಯಂತ್ರ ಎಷ್ಟು ಹೇಳೀತು?

ವಾಟ್ಸ್‌ಆ್ಯಪ್ ಸಂದೇಶಗಳು 2016ರಿಂದ ಗೂಢಲಿಪಿಯಲ್ಲೇ ಸಾಗುತ್ತವೆ. ಹಾಗಾಗಿ ‘ಸಕ್ಕರೆ ಕಾಯಿಲೆ ವಾರದಲ್ಲೇ ಮಾಯ’ ಎಂಬ ಸಂದೇಶವನ್ನು ಕೃತಕ ಬುದ್ಧಿಮತ್ತೆ ದಾರಿಯಲ್ಲೇ ಓದಿ ತಡೆಯಲಾರದು. ಯಾರಾದರೂ ಪರಿಶೀಲನೆಗೆ ಕಳಿಸಿದರೆ, ಸುಳ್ಳೆಂದು ಈಗಾಗಲೇ ಸಾಬೀತಾದ ಹೇಳಿಕೆಗಳೊಂದಿಗೆ ಅದನ್ನು ಹೋಲಿಸಬಲ್ಲದು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಈ ಹೋಲಿಕೆಯೇ ಕಠಿಣ: ಕನ್ನಡ, ಮರಾಠಿ, ದಖನಿ ಉರ್ದು ಒಂದೇ ಮಾತಿನಲ್ಲಿ ಬೆರೆಯುತ್ತವೆ. ಗೂಗಲ್‌ನ ಮ್ಯೂರಿಲ್ ಎಂಬ ಭಾಷಾ ಮಾದರಿ ರೋಮನ್ ಲಿಪಿಯ ಕನ್ನಡವನ್ನೂ ಕಲಿತಿದೆ, ನಿಜ. ಆದರೆ ಅದು ಬರಹಕ್ಕಷ್ಟೇ, ಧ್ವನಿ ಸಂದೇಶಕ್ಕಲ್ಲ. ವದಂತಿಯ ಪೆಟ್ಟು ಸಣ್ಣದಲ್ಲ. 2017ರ ದಡಾರ–ರುಬೆಲ್ಲಾ ಅಭಿಯಾನದಲ್ಲಿ ಇಂಥ ಸಂದೇಶಗಳಿಗೆ ಹೆದರಿ ಕರ್ನಾಟಕದ ಹಲವು ಪಾಲಕರು ಲಸಿಕೆಗೆ ಹಿಂಜರಿದರು. ಯಂತ್ರದ ಉತ್ತರವನ್ನು ಎಚ್ಚರಿಕೆಯಾಗಿ ಮಾತ್ರ ತೆಗೆದುಕೊಳ್ಳುವುದು ಕ್ಷೇಮ. ಇನ್ಸುಲಿನ್, ಮಾತ್ರೆ ಯಾವುದನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಸಂದೇಹವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬೇಕು.