ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ: ಕೊಳ್ಳುವ ಮುನ್ನ ನೋಡಬೇಕಾದ್ದು

ನಾಲ್ಕೈದು ಮಂದಿ ಸೇರಿ ಹಳೆಯ ಕಾರೊಂದು ಕೊಂಡು, ಶಾರ್ಜಾದಿಂದ ದುಬೈಗೆ ಕೆಲಸಕ್ಕೆ ಹೋಗಿಬರುವವರು ನಮ್ಮಲ್ಲಿ ಬಹಳ. ಡಿಕ್ಕಿಯಲ್ಲಿ ಡ್ರಿಲ್ಲು, ಕೇಬಲ್ಲು, ಟೂಲ್ ಬಾಕ್ಸು. ಹಿಂದಿನ ಸೀಟಿನಲ್ಲಿ ಮೂರು ಜನ. ಕಾರಿನ ಹಿಂಭಾಗ ಕೂತುಬಿಡುತ್ತದೆ. ಹಂಪ್ ಬಂದರೆ ತಳ ಢಬ್ ಅಂತ ಬಡಿಯುತ್ತದೆ, ರಾತ್ರಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆಗ ಗ್ಯಾರೇಜಿನವರು ‘ಸ್ಪ್ರಿಂಗಿಗೆ ಏರ್ ಬ್ಯಾಗ್ ಹಾಕಿಸಿ’ ಅಂತಾರೆ. ಅಪಘಾತವಾದಾಗ ಸ್ಟಿಯರಿಂಗಿನಿಂದ ಉಬ್ಬಿಬರುವ ಏರ್ ಬ್ಯಾಗ್ ಇದಲ್ಲ. ಕಾಯಿಲ್ ಸ್ಪ್ರಿಂಗಿನ ಹೊಟ್ಟೆಯೊಳಗೆ ಕೂರುವ ದಪ್ಪ ಉರುಳೆ ಇದು. ಗಾಳಿ ತುಂಬಿದರೆ ಸ್ಪ್ರಿಂಗಿನ ಜೊತೆ ತಾನೂ ಭಾರ ಹೊರುತ್ತದೆ.

ದುಡ್ಡು ಕೊಡುವ ಮೊದಲು ಒಂದು ಲೆಕ್ಕ ಹಾಕಿ. ಗಾಡಿ ಒಟ್ಟು ಎಷ್ಟು ತೂಕ ತಡೆಯುತ್ತದೆ ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬದ ಮೇಲಿನ ಫಲಕದಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಒಟ್ಟು 1,600 ಕಿಲೋ, ಖಾಲಿ 1,180 ಕಿಲೋ ಅಂತಿಟ್ಟುಕೊಳ್ಳಿ: ಉಳಿಯುವುದು 420. ತಲಾ 75 ಕಿಲೋದ ಐದು ಜನ ಕೂತರೆ 375 ಹೋಯಿತು. ಸಾಮಾನಿಗೆ ಉಳಿದದ್ದು ಬರೀ 45 ಕಿಲೋ. ಗಾಳಿಚೀಲ ಹಾಕಿಸಿದರೂ ಈ 45 ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಟೈರು ಅದೇ, ಬ್ರೇಕು ಅದೇ, ಆಕ್ಸಲ್ ಅದೇ ತಾನೆ? ಬೇಸಿಗೆಯಲ್ಲಿ ಸುಡುವ ಹೈವೇ ಮೇಲೆ ಹೆಚ್ಚು ಭಾರ ಹೊತ್ತ ಟೈರು ಸಿಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ಭಯವಿರುವುದು ಇಲ್ಲೇ. ಕಾರು ಕೂತಿದ್ದಾಗ ಭಾರ ಜಾಸ್ತಿಯಾಗಿದೆ ಅಂತ ಕಣ್ಣಿಗಾದರೂ ಕಾಣುತ್ತಿತ್ತು. ಚೀಲ ಹಾಕಿದ ಮೇಲೆ ಕಾರು ನೆಟ್ಟಗೆ ನಿಲ್ಲುತ್ತದೆ, ಭಾರ ಮಾತ್ರ ಹಾಗೇ ಇರುತ್ತದೆ.

ಲೆಕ್ಕದೊಳಗೇ ಇದ್ದೀರಿ, ಆದರೂ ಹಿಂಭಾಗ ಇಳಿಯುತ್ತದೆ ಅಂತಾದರೆ ಖಾಲಿ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನೆಲದಿಂದ ಚಕ್ರದ ಕಮಾನಿನವರೆಗೆ ಎರಡೂ ಕಡೆ ಟೇಪು ಹಿಡಿದು ಅಳೆಯಿರಿ. ಖಾಲಿ ಇದ್ದಾಗಲೇ ಒಂದು ಕಡೆ ತಗ್ಗಿದ್ದರೆ ಸ್ಪ್ರಿಂಗ್ ಸೋತಿರಬಹುದು, ಮುರಿದೂ ಇರಬಹುದು. ಅಂಥದ್ದಕ್ಕೆ ಹೊಸ ಸ್ಪ್ರಿಂಗೇ ಬೇಕು, ಚೀಲವಲ್ಲ.

ಇನ್ನು ಆಯ್ಕೆ. ಎಲ್ಲಾ ಗಾಡಿಗೂ ಒಂದೇ ಚೀಲ ಹೊಂದುವುದಿಲ್ಲ. ಇನ್ನೋವಾದಂಥ ಗಾಡಿಯಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಅಲ್ಲಿ ಉರುಳೆಗೆ ಜಾಗವಿದೆ. ಸ್ಪ್ರಿಂಗಿನ ನಡುವೆಯೇ ಶಾಕ್ ಹಾದುಹೋಗಿದ್ದರೆ ಉರುಳೆ ಕೂರುವುದಿಲ್ಲ. ಹೈಏಸ್, ಹೈಲಕ್ಸ್‌ಗಳಲ್ಲಿ ಹಿಂದೆ ಪಟ್ಟಿ ಸ್ಪ್ರಿಂಗ್, ಅದಕ್ಕೆ ಬೇರೆಯದೇ ಬಗೆಯ ಚೀಲ. ಸ್ಪ್ರಿಂಗಿನ ಒಳ ಅಗಲ, ಎತ್ತರ ಎರಡನ್ನೂ ಅಳೆದುಕೊಂಡೇ ಅಂಗಡಿಗೆ ಹೋಗಿ. ಗಾಡಿಯ ಮಾಡೆಲ್, ವರ್ಷ ಹೇಳಿ. ‘ಎಲ್ಲಕ್ಕೂ ಆಗುತ್ತೆ ಭಾಯಿ’ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ.

ಎಡಕ್ಕೂ ಬಲಕ್ಕೂ ಬೇರೆ ಬೇರೆ ಗಾಳಿ ಕೊಳವೆ ಇರುವ ಸೆಟ್ಟೇ ಒಳ್ಳೆಯದು. ಎರಡನ್ನೂ ಒಂದೇ ಕೊಳವೆಗೆ ಜೋಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿ, ಕಾರು ಇನ್ನಷ್ಟು ವಾಲುತ್ತದೆ. ಕೊಳವೆ ಸೈಲೆನ್ಸರಿನ ಹತ್ತಿರ ಹಾದಿದೆಯಾ ಅಂತ ನೀವೇ ಬಗ್ಗಿ ನೋಡಿ. ಬಿಸಿಗೆ ಕರಗಿದರೆ ಗಾಳಿಯೆಲ್ಲ ಒಂದೇ ಸಲ ಹೋಗುತ್ತದೆ.

ಕಾಯಿಲ್ ಒಳಗಿನ ಚೀಲಕ್ಕೆ ಸಾಮಾನ್ಯವಾಗಿ ಖಾಲಿ ಇದ್ದಾಗ ಕನಿಷ್ಠ 5 ಪಿಎಸ್‌ಐ, ಭಾರ ಇದ್ದಾಗ ಗರಿಷ್ಠ 35 ಪಿಎಸ್‌ಐ ಇರುತ್ತದೆ. ನಿಮ್ಮ ಸೆಟ್ಟಿನ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಚೀಲ ಚಿಕ್ಕದು, ಪೆಟ್ರೋಲ್ ಪಂಪಿನ ಗಾಳಿಯಂತ್ರ ಕ್ಷಣದಲ್ಲೇ ಮಿತಿ ಮೀರಿಸಿಬಿಡುತ್ತದೆ. ಕೈಪಂಪು, ಒಂದು ಗೇಜು ಇಟ್ಟುಕೊಂಡರೆ ವಾಸಿ. ಹಿಂಭಾಗ ಮೊದಲಿನ ಎತ್ತರಕ್ಕೆ ಬಂದರೆ ಸಾಕು, ಅದಕ್ಕಿಂತ ಎತ್ತಬೇಡಿ.

ಕಾರು ಕಂಪನಿಯದೋ ಬಾಡಿಗೆಯದೋ ಆಗಿದ್ದರೆ ಬರವಣಿಗೆಯಲ್ಲಿ ಒಪ್ಪಿಗೆ ಸಿಗದೆ ಕೈಹಚ್ಚಬೇಡಿ. ಸ್ವಂತದ್ದಾದರೂ, ಗಾಡಿಯಲ್ಲಿ ಮಾಡುವ ಬದಲಾವಣೆಗೆ ಈ ದೇಶದಲ್ಲಿ ಅನುಮತಿ ಕೇಳುವುದುಂಟು. ಮುಲ್ಕಿಯಾ ನವೀಕರಣಕ್ಕೆ ಪರೀಕ್ಷೆ ಮಾಡುವ ಕೇಂದ್ರದಲ್ಲೂ, ವಿಮೆಯವರಲ್ಲೂ ಮೊದಲೇ ವಿಚಾರಿಸಿ, ಬಿಲ್ಲು ಜೋಪಾನ ಮಾಡಿ.

ಹಾಕಿಸಿದ ದಿನ ಜೋಡಣೆಗಳ ಮೇಲೆಲ್ಲ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಮತ್ತೆ ಗೇಜು ಹಿಡಿದು ನೋಡಿ; ಗಾಳಿ ಇಳಿದಿದ್ದರೆ ಅದೇ ದಿನ ಗ್ಯಾರೇಜಿಗೆ ವಾಪಸ್ ಒಯ್ಯಿರಿ.